ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ಕಥೆಗಳು

ಒಟಿಟಿಯಲ್ಲಿ ಹೊಸ ಸರಣಿ ಬಂದಾಗಲೆಲ್ಲ ನೋಡಿದವರಿಂದ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ‘ಕಥೆ ಚೆನ್ನಾಗಿದೆ, ಆದರೆ ತುಂಬಾ ಎಳೆದಿದ್ದಾರೆ’ ಎಂಬುದು ಮೊದಲನೆಯದು. ‘ಫಸ್ಟ್ ಸೀಸನ್ ಚೆನ್ನಾಗಿತ್ತು’ ಎಂಬುದು ಎರಡನೆಯದು. ನಟನೆ, ಛಾಯಾಗ್ರಹಣ, ಸಂಗೀತದ ಬಗ್ಗೆ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ ಇರಬಹುದು. ಈ ದೂರಿನಲ್ಲಿ ಮಾತ್ರ ಎಲ್ಲರೂ ಒಂದಾಗುತ್ತಾರೆ. ಆದರೂ ವಿಮರ್ಶೆ ಬರೆಯುವ ಹೊತ್ತಿಗೆ ಉದ್ದದ ಮಾತು ಕೊನೆಯ ಸಾಲಿಗೆ ಹೋಗಿಬಿಡುತ್ತದೆ. ‘ಸ್ವಲ್ಪ ಟ್ರಿಮ್ ಮಾಡಬಹುದಿತ್ತು’ ಎಂದು ಹೇಳಿ ಅಂಕ ಕೊಟ್ಟು ಮುಗಿಸುತ್ತೇವೆ. ಆ ಮಾತನ್ನು ಮೊದಲ ಸಾಲಿಗೆ ತರಬೇಕು ಎಂಬುದು ನನ್ನ ವಾದ. ಈಚಿನ ವರ್ಷಗಳಲ್ಲಿ ಮನೆಯ ಪರದೆಗೆ ಬಂದವುಗಳ ಪೈಕಿ ಮನಸ್ಸಿನಲ್ಲಿ ನಿಂತವು ಯಾವುವು ಎಂದು ಪಟ್ಟಿ ಹಾಕಿದರೆ, ಅವುಗಳಲ್ಲಿ ಹೆಚ್ಚಿನವು ತಮ್ಮ ಅಳತೆಯನ್ನು ಅರಿತು ಅಲ್ಲಿಗೇ ನಿಂತವು. ಕಥೆಯ ಉದ್ದ ತಾಂತ್ರಿಕ ವಿವರವಲ್ಲ, ಕಥೆ ಹೇಳುವವನ ಪ್ರಾಮಾಣಿಕತೆಗೂ ಅದಕ್ಕೂ ನೇರ ಸಂಬಂಧವಿದೆ.

ಇದಕ್ಕೆ ನನಗೆ ಕಾಣುವ ಅತ್ಯುತ್ತಮ ಸಾಕ್ಷಿ 2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಬ್ರಿಟಿಷ್ ಸರಣಿ ‘ಅಡಾಲಸೆನ್ಸ್’. ಜ್ಯಾಕ್ ಥಾರ್ನ್ ಮತ್ತು ಸ್ಟೀಫನ್ ಗ್ರಹಾಂ ಬರೆದು, ಫಿಲಿಪ್ ಬ್ಯಾರಂಟೀನಿ ನಿರ್ದೇಶಿಸಿದ ಈ ಸರಣಿಗೆ ನಾಲ್ಕೇ ಕಂತು. ಎಲ್ಲ ಸೇರಿ ನಾಲ್ಕು ಗಂಟೆಗೂ ಕಡಿಮೆ. ಜೇಮಿ ಎಂಬ ಹದಿಮೂರು ವರ್ಷದ ಹುಡುಗನನ್ನು ಸಹಪಾಠಿಯ ಕೊಲೆ ಆರೋಪದ ಮೇಲೆ ಪೊಲೀಸರು ಬೆಳಗಿನ ಜಾವ ಮನೆಗೆ ನುಗ್ಗಿ ಹಿಡಿದೊಯ್ಯುವಲ್ಲಿಂದ ಕಥೆ ಶುರುವಾಗುತ್ತದೆ. ಒಂದೊಂದು ಕಂತೂ ಒಂದೇ ಶಾಟ್. ಎಲ್ಲೂ ಕಟ್ ಇಲ್ಲ. ಪತ್ರಿಕೆಗಳು ಹೆಚ್ಚಾಗಿ ಈ ಸಾಹಸದ ಬಗ್ಗೆಯೇ ಬರೆದವು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಬರಹಗಾರರು ಬಿಟ್ಟುಕೊಟ್ಟಿದ್ದು. ಕೊಲೆ ಮಾಡಿದವರು ಯಾರು ಎಂಬ ಪ್ರಶ್ನೆಯೊಂದನ್ನೇ ಹಿಡಿದುಕೊಂಡು ಎಂಟು ಕಂತು ಓಡಿಸಬಹುದಿತ್ತು. ಇಲ್ಲಿ ಮೊದಲ ಕಂತಿನ ಕೊನೆಯಲ್ಲೇ ಸಿಸಿಟಿವಿ ದೃಶ್ಯ ಮೇಜಿನ ಮೇಲೆ ಬಂದು ಆ ಕುತೂಹಲ ಮುಗಿದುಹೋಗುತ್ತದೆ. ಎರಡನೇ ಕಂತು ಮೂರು ದಿನಗಳ ನಂತರದ್ದು, ಮೂರನೆಯದು ಏಳು ತಿಂಗಳ ನಂತರದ್ದು, ನಾಲ್ಕನೆಯದು ಹದಿಮೂರು ತಿಂಗಳ ನಂತರದ್ದು. ನಡುವೆ ನಡೆದದ್ದು ಏನೂ ಪರದೆಯ ಮೇಲಿಲ್ಲ. ನ್ಯಾಯಾಲಯದ ಒಂದು ದೃಶ್ಯವೂ ಇಲ್ಲ. ತಪ್ಪೊಪ್ಪಿಕೊಳ್ಳುತ್ತೇನೆ ಎಂದು ಮಗ ತೀರ್ಮಾನಿಸಿದ್ದು, ಅಪ್ಪನ ಹುಟ್ಟುಹಬ್ಬದ ದಿನ ವ್ಯಾನಿನಲ್ಲಿ ಕೂತಿರುವಾಗ ಬರುವ ಒಂದು ಫೋನ್ ಕರೆಯಿಂದ ಆ ಮನೆಯವರಿಗೂ ನಮಗೂ ಒಟ್ಟಿಗೇ ಗೊತ್ತಾಗುತ್ತದೆ. ಬೇರೆ ಯಾರಾದರೂ ಮಾಡಿದ್ದರೆ ವಕೀಲರ ವಾದ, ಸಾಕ್ಷಿಯ ತಿರುವು, ತೀರ್ಪಿನ ಹಿಂದಿನ ರಾತ್ರಿ ಎಂದು ಮೂರು ಕಂತು ಅದಕ್ಕೇ ಹೋಗುತ್ತಿತ್ತು.

ಹೀಗೆ ಉಳಿಸಿದ ಸಮಯವನ್ನು ಎಲ್ಲಿ ಖರ್ಚು ಮಾಡಿದ್ದಾರೆ ಎಂಬುದನ್ನು ಮೂರನೇ ಕಂತಿನಲ್ಲಿ ನೋಡಬೇಕು. ಐವತ್ತು ನಿಮಿಷಗಳ ಬಹುಭಾಗ ಒಂದೇ ಕೋಣೆ, ಇಬ್ಬರೇ ಜನ: ಜೇಮಿ ಮತ್ತು ಅವನನ್ನು ಪರೀಕ್ಷಿಸಲು ಬಂದ ಮನಃಶಾಸ್ತ್ರಜ್ಞೆ. ಆಕೆ ಅವನಿಗೆ ಹಾಟ್ ಚಾಕೊಲೇಟ್ ತಂದಿದ್ದಾಳೆ, ತನ್ನ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಕೊಡುತ್ತಾಳೆ. ಹುಡುಗ ನಗುತ್ತಾನೆ, ಕೀಟಲೆ ಮಾಡುತ್ತಾನೆ, ಇದ್ದಕ್ಕಿದ್ದಂತೆ ಎದ್ದು ಅರಚುತ್ತಾನೆ, ಮತ್ತೆ ಮಗುವಾಗುತ್ತಾನೆ. ಅವನನ್ನು ಹೊರಗೆ ಕರೆದೊಯ್ದ ಮೇಲೆ, ಅವನು ಕಚ್ಚಿಟ್ಟ ಆ ಸ್ಯಾಂಡ್‌ವಿಚ್ ಮುಟ್ಟಲು ಹೋದ ಆಕೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಅವಳ ವೃತ್ತಿಯ ಸಂಯಮದ ಕೆಳಗೆ ಎಷ್ಟು ಹೆದರಿಕೆ ಇತ್ತು ಎಂಬುದು ಆ ಕ್ಷಣದಲ್ಲಿ ಹೊರಬೀಳುತ್ತದೆ. ಇಂಥ ದೃಶ್ಯಕ್ಕೆ ಸಮಯ ಬೇಕು, ಧಾರಾಳವಾಗಿಯೇ ಬೇಕು. ಉದ್ದವನ್ನು ಕಡಿಮೆ ಮಾಡಿ ಎಂದು ಹೇಳುವಾಗ ಎಲ್ಲವೂ ಚಕಚಕನೆ ಓಡಲಿ ಎಂದು ನಾನು ಹೇಳುತ್ತಿಲ್ಲ. ಬೇಡದ್ದನ್ನು ಬಿಟ್ಟವನಿಗೆ ಮಾತ್ರ ಬೇಕಾದ ಕಡೆ ನಿಧಾನವಾಗಿ ನಿಲ್ಲುವ ಹಕ್ಕು ಸಿಗುತ್ತದೆ. ಸತ್ತ ಹುಡುಗಿ ಕೇಟಿಯ ಮನೆಯವರನ್ನು ತೋರಿಸಲೇ ಇಲ್ಲ ಎಂಬ ಆಕ್ಷೇಪ ಈ ಸರಣಿಯ ಮೇಲಿದೆ, ಅದು ಗಂಭೀರವಾದ ಆಕ್ಷೇಪವೇ. ಆದರೆ ಎರಡನೇ ಕಂತಿನಲ್ಲಿ ಮಹಿಳಾ ಪೊಲೀಸ್ ಅಧಿಕಾರಿಯೇ ಈ ಮಾತನ್ನು ಎತ್ತುತ್ತಾಳೆ: ಎಲ್ಲರಿಗೂ ನೆನಪಿರುವುದು ಜೇಮಿ, ಕೇಟಿಯಲ್ಲ ಎಂದು. ಬರೆದವರಿಗೆ ತಾವು ಏನನ್ನು ಬಿಟ್ಟಿದ್ದೇವೆ ಎಂಬ ಅರಿವಿತ್ತು, ಆ ಬಿಟ್ಟದ್ದರ ನೋವೂ ಇತ್ತು.

ಹಾಗಾದರೆ ಉಳಿದವರು ಏಕೆ ಎಳೆಯುತ್ತಾರೆ? ಬರಹಗಾರರ ಅಸಾಮರ್ಥ್ಯ ಒಂದು ಕಾರಣ ಇರಬಹುದು, ಆದರೆ ಅದರ ಹಿಂದೆ ವ್ಯಾಪಾರದ ಲೆಕ್ಕವಿದೆ. ಚಿತ್ರಮಂದಿರ ನಡೆಯುವುದು ಟಿಕೆಟ್‌ನಿಂದ. ಎರಡೂವರೆ ಗಂಟೆಯಲ್ಲಿ ಆಟ ಮುಗಿದರೆ ಮುಂದಿನ ಆಟಕ್ಕೆ ಜನ ಬರುತ್ತಾರೆ. ಹಾಗಾಗಿ ಅಲ್ಲಿ ಚಿಕ್ಕದಾಗಿದ್ದಷ್ಟೂ ಲಾಭ. ಒಟಿಟಿ ನಡೆಯುವುದು ತಿಂಗಳ ಅಥವಾ ವರ್ಷದ ಚಂದಾದಿಂದ. ಅಲ್ಲಿ ವೀಕ್ಷಕ ಬಿಟ್ಟುಹೋಗದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ. ಒಂದು ಕಂತು ಮುಗಿಯುವ ಮೊದಲೇ ಮುಂದಿನದು ತಾನಾಗಿ ಶುರುವಾಗುವುದು, ಪ್ರತಿ ಕಂತನ್ನೂ ಅರ್ಧ ತೆರೆದ ಬಾಗಿಲಿನ ಮುಂದೆ ನಿಲ್ಲಿಸುವುದು, ಒಂದೇ ಸೀಸನ್ನನ್ನು ಎರಡು ಮೂರು ಭಾಗ ಮಾಡಿ ತಿಂಗಳ ಅಂತರದಲ್ಲಿ ಬಿಡುವುದು ಎಲ್ಲವೂ ಆ ಲೆಕ್ಕದಿಂದಲೇ ಹುಟ್ಟಿದವು. ಜನಪ್ರಿಯತೆಯನ್ನು ಅಳೆಯುವ ಕೋಲು ಕೂಡ ಕೆಲಕಾಲ ಉದ್ದದ ಪರವಾಗಿಯೇ ಇತ್ತು. 2023ರ ಜೂನ್‌ವರೆಗೆ ನೆಟ್‌ಫ್ಲಿಕ್ಸ್ ತನ್ನ ಟಾಪ್ 10 ಪಟ್ಟಿಯನ್ನು ಒಟ್ಟು ನೋಡಿದ ಗಂಟೆಗಳ ಮೇಲೆ ಮಾಡುತ್ತಿತ್ತು. ಹತ್ತು ಗಂಟೆಯ ಸರಣಿಯನ್ನು ಬೇಸರದಿಂದ ಅರ್ಧಕ್ಕೇ ಬಿಟ್ಟವನು ಆ ಲೆಕ್ಕದಲ್ಲಿ ಐದು ಗಂಟೆ ತಂದುಕೊಡುತ್ತಾನೆ. ಒಂದೂವರೆ ಗಂಟೆಯ ಒಳ್ಳೆಯ ಚಿತ್ರವನ್ನು ಕಣ್ಣು ಕೀಳದೆ ಪೂರ್ತಿ ನೋಡಿದವನು ತಂದುಕೊಡುವುದು ಬರೀ ಒಂದೂವರೆ ಗಂಟೆ. ಇದು ನ್ಯಾಯವಲ್ಲ ಎಂದು ಕೊನೆಗೆ ಕಂಪನಿಗೇ ಅನ್ನಿಸಿರಬೇಕು. ಅಲ್ಲಿಂದಾಚೆ ನೋಡಿದ ಒಟ್ಟು ಗಂಟೆಗಳನ್ನು ಕೃತಿಯ ಅವಧಿಯಿಂದ ಭಾಗಿಸಿ ‘ವೀಕ್ಷಣೆ’ ಎಂದು ಎಣಿಸತೊಡಗಿತು. ಆ ಹೊಸ ಎಣಿಕೆಯಲ್ಲಿ ‘ಅಡಾಲಸೆನ್ಸ್’ ಮೊದಲ 91 ದಿನಗಳಲ್ಲಿ 14 ಕೋಟಿಗೂ ಹೆಚ್ಚು ವೀಕ್ಷಣೆ ಪಡೆದು, ಆವರೆಗಿನ ಇಂಗ್ಲಿಷ್ ಸರಣಿಗಳಲ್ಲಿ ಎರಡನೇ ಸ್ಥಾನಕ್ಕೆ ಬಂತು. ಚಿಕ್ಕದನ್ನು ಜನ ನೋಡುವುದಿಲ್ಲ ಎಂಬ ಮಾತಿಗೆ ಇದೊಂದೇ ಉತ್ತರ ಸಾಕು.

ಎಳೆದರೆ ಏನಾಗುತ್ತದೆ ಎಂಬುದಕ್ಕೆ ಕೊರಿಯನ್ ಸರಣಿ ‘ಸ್ಕ್ವಿಡ್ ಗೇಮ್’ ನೋಡಿ. ನಿರ್ದೇಶಕ ಹ್ವಾಂಗ್ ಡಾಂಗ್-ಹ್ಯುಕ್ ಇದನ್ನು ಮೊದಲು ಬರೆದದ್ದು ಸಿನಿಮಾವಾಗಿ, 2008–09ರ ಸುಮಾರಿಗೆ. ಹಣ ಹಾಕುವವರು ಸಿಗದೆ ವರ್ಷಗಟ್ಟಲೆ ಬಿದ್ದಿದ್ದ ಆ ಕಥೆ 2021ರಲ್ಲಿ ಒಂಬತ್ತು ಕಂತಿನ ಸರಣಿಯಾಗಿ ಬಂದು ಲೋಕವನ್ನೇ ಹಿಡಿದು ನಿಲ್ಲಿಸಿತು. ಸಾಲದಲ್ಲಿ ಮುಳುಗಿದ ಮನುಷ್ಯ ಯಾವ ಮಟ್ಟಕ್ಕೆ ಇಳಿಯುತ್ತಾನೆ ಎಂಬುದನ್ನು ಗೋಲಿಯಾಟದ ಒಂದೇ ಕಂತಿನಲ್ಲಿ ಹೇಳಿಬಿಟ್ಟಿತು; ಜೊತೆಗಾರ ಎಂದು ಆರಿಸಿಕೊಂಡವನನ್ನೇ ಸೋಲಿಸಿ ಸಾಯಲು ಬಿಡಬೇಕಾದ ಆ ಆಟ ನೋಡಿದವರು ಮರೆಯಲಾರರು. ಆ ಒಂಬತ್ತು ಕಂತಿಗೇ ಕಥೆ ಮುಗಿದಿತ್ತು. ಮುಂದುವರಿಸುವ ಯೋಚನೆ ಮೊದಲು ಇರಲಿಲ್ಲ, ಮುಂದುವರಿಸಲು ಹಣವೂ ಒಂದು ಕಾರಣ ಎಂದು ನಿರ್ದೇಶಕರೇ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅದಕ್ಕಾಗಿ ಅವರನ್ನು ದೂರಲಾರೆ. ಆದರೆ ಒಂದೇ ಕಥೆಯಾಗಿ ಬರೆದದ್ದನ್ನು ಎರಡು ಮಾಡಿ 2024ರ ಡಿಸೆಂಬರ್‌ನಲ್ಲಿ ಏಳು ಕಂತು, 2025ರ ಜೂನ್‌ನಲ್ಲಿ ಆರು ಕಂತು ಎಂದು ಬಿಟ್ಟಾಗ, ಎರಡನೇ ಸೀಸನ್ನಿಗೆ ಅಂತ್ಯವೇ ಇಲ್ಲದಂತಾಯಿತು; ಆಟಗಾರರ ದಂಗೆಯ ನಡುವೆ ಅದು ಕಡಿದು ಬಿತ್ತು. ಎಲ್ಲಕ್ಕಿಂತ ಎದ್ದು ಕಾಣುವುದು ಪೊಲೀಸ್ ಅಧಿಕಾರಿ ಜುನ್-ಹೋನ ದೋಣಿ. ಆಟ ನಡೆಯುವ ದ್ವೀಪವನ್ನು ಹುಡುಕುತ್ತ ಆ ದೋಣಿ ಎರಡು ಸೀಸನ್ ಪೂರ್ತಿ ಸಮುದ್ರದಲ್ಲಿ ಸುತ್ತುತ್ತದೆ, ತಲುಪುವ ಹೊತ್ತಿಗೆ ಅಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ಆ ದೋಣಿಯ ದೃಶ್ಯಗಳನ್ನೆಲ್ಲ ತೆಗೆದುಹಾಕಿದರೂ ಕಥೆಯಲ್ಲಿ ಒಂದು ಎಳೆಯೂ ಸಡಿಲವಾಗುವುದಿಲ್ಲ. ಎಳೆದ ಕಥೆಯನ್ನು ಪತ್ತೆಹಚ್ಚಲು ಇದಕ್ಕಿಂತ ಸುಲಭದ ಪರೀಕ್ಷೆ ಬೇರೆ ಇಲ್ಲ.

ನಮ್ಮ ದೇಶದ ಉದಾಹರಣೆ ಬೇಕಾದರೆ ‘ಪಂಚಾಯತ್’ ಇದೆ, ಮತ್ತು ಅದರ ಬಗ್ಗೆ ಬರೆಯುವುದು ನನಗೆ ಕಷ್ಟ, ಏಕೆಂದರೆ ಭಾರತದ ಹಳ್ಳಿಯನ್ನು ಇಷ್ಟು ಅಕ್ಕರೆಯಿಂದ ತೋರಿಸಿದ ಸರಣಿ ಈಚೆಗೆ ಇನ್ನೊಂದು ಬಂದಿಲ್ಲ. 2020ರ ಏಪ್ರಿಲ್‌ನಲ್ಲಿ ಪ್ರೈಮ್ ವಿಡಿಯೊಗೆ ಬಂದ ಮೊದಲ ಸೀಸನ್ನಿನ ಎಂಟು ಕಂತುಗಳಲ್ಲಿ ಒಂದೊಂದೂ ಒಂದು ಪೂರ್ಣ ಕಥೆ. ಫುಲೇರಾ ಗ್ರಾಮಕ್ಕೆ ಕಾರ್ಯದರ್ಶಿಯಾಗಿ ಬಂದಿಳಿದ ಅಭಿಷೇಕ್‌ಗೆ ಪಂಚಾಯಿತಿ ಕಚೇರಿಯ ಬೀಗದ ಕೈ ಸಿಗುವುದಿಲ್ಲ. ಮೊದಲ ಕಂತೆಲ್ಲ ಆ ಕೀಲಿಯದೇ ಹುಡುಕಾಟ. ಇನ್ನೊಂದರಲ್ಲಿ ಗಾಲಿಗಳಿರುವ ಕಚೇರಿ ಕುರ್ಚಿಯೊಂದು ಊರಿನ ಮಾನಾಪಮಾನದ ಪ್ರಶ್ನೆಯಾಗುತ್ತದೆ. ಮತ್ತೊಂದರಲ್ಲಿ ಕಂಪ್ಯೂಟರಿನ ಮಾನಿಟರ್ ಕಳುವಾಗುತ್ತದೆ. ಕೊನೆಯದರಲ್ಲಿ ಹೆಸರಿಗಷ್ಟೇ ಪ್ರಧಾನಳಾಗಿದ್ದ ಮಂಜು ದೇವಿ ಗಣರಾಜ್ಯೋತ್ಸವದ ದಿನ ಧ್ವಜ ಹಾರಿಸಲು ರಾಷ್ಟ್ರಗೀತೆ ಕಲಿಯುತ್ತಾಳೆ. ಕನ್ನಡಿಗರಿಗೆ ಈ ಬಗೆ ಹೊಸದಲ್ಲ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ, 1986ರಲ್ಲಿ ದೂರದರ್ಶನದಲ್ಲಿ ಶುರುವಾದ ‘ಮಾಲ್ಗುಡಿ ಡೇಸ್’ ಕೂಡ ಹಲವು ಕಂತುಗಳಲ್ಲಿ ಅರ್ಧ ಗಂಟೆಯೊಳಗೆ ಒಂದು ಬದುಕನ್ನು ತೋರಿಸಿ ಮುಗಿಸುತ್ತಿತ್ತು, ನಲವತ್ತು ವರ್ಷವಾಗುತ್ತ ಬಂದರೂ ಜನ ಅದನ್ನು ಹುಡುಕಿಕೊಂಡು ನೋಡುತ್ತಾರೆ. ‘ಪಂಚಾಯತ್’ ಮುಂದೆ ಆ ದಾರಿ ಬಿಟ್ಟಿತು. ಗುಂಡು ಹಾರಿಸಿದವರು ಯಾರು, ಚುನಾವಣೆ ಗೆಲ್ಲುವವರು ಯಾರು ಎಂಬ ದೊಡ್ಡ ಪ್ರಶ್ನೆಗಳನ್ನು ಹೊತ್ತುಕೊಂಡಿತು. 2025ರ ಜೂನ್‌ನಲ್ಲಿ ಬಂದ ನಾಲ್ಕನೇ ಸೀಸನ್ನಿನ ಹೆಚ್ಚಿನ ಭಾಗ ಮಂಜು ದೇವಿಯ ಸೋರೆಕಾಯಿ ಮತ್ತು ಎದುರಾಳಿ ಕ್ರಾಂತಿ ದೇವಿಯ ಕುಕ್ಕರ್ ಚಿಹ್ನೆಗಳ ನಡುವಿನ ಪ್ರಚಾರದ ಜಗಳದಲ್ಲೇ ಕಳೆಯಿತು. ನಡುವೆ ಒಂದು ಕಡೆ ಮಾತ್ರ ಹಳೆಯ ‘ಪಂಚಾಯತ್’ ತಲೆ ಎತ್ತುತ್ತದೆ: ಎದುರು ಪಕ್ಷದ ಬಡವ ವಿನೋದನನ್ನು ಒಲಿಸಿಕೊಳ್ಳಲು ಪ್ರಧಾನರ ಕಡೆಯವರು ಊಟಕ್ಕೆ ಕರೆಯುತ್ತಾರೆ, ಆದರಕ್ಕೆ ಕರಗಿ ಕೂತ ಅವನು ಅದರ ಉದ್ದೇಶ ತಿಳಿದಾಗ ತನ್ನ ಮಾನ ಉಳಿಸಿಕೊಂಡು ಏಳುತ್ತಾನೆ. ಕೆಲವೇ ನಿಮಿಷದ ಆ ದೃಶ್ಯ ಇಡೀ ಸೀಸನ್ನಿನ ತೂಕ ಹೊತ್ತಿದೆ. ಉಳಿದದ್ದು ಬಂದವರ ಎಲೆಗೆಲ್ಲ ಸಾಲಲಿ ಎಂದು ನೀರು ಹೊಯ್ದ ಸಾರು. ಆಮೇಲೆ ಐದನೇ ಸೀಸನ್ನೂ ಘೋಷಣೆಯಾಯಿತು.

ಈ ವಾದಕ್ಕೆ ಎದುರಾಗಿ ಹೇಳಬಹುದಾದ ಬಲವಾದ ಮಾತೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಸಿನಿಮಾದ ಎರಡೂವರೆ ಗಂಟೆಯಲ್ಲಿ ಹಿಡಿಯದ ಬದುಕನ್ನು ಹಿಡಿಯಲೆಂದೇ ಸರಣಿ ಎಂಬ ರೂಪ ಹುಟ್ಟಿದ್ದಲ್ಲವೇ? ಉದ್ದವನ್ನೇ ದೂರಿದರೆ ಆ ರೂಪವನ್ನೇ ದೂರಿದಂತಾಗುವುದಿಲ್ಲವೇ? 2020ರಲ್ಲಿ ಸೋನಿಲಿವ್‌ಗೆ ಬಂದ ‘ಸ್ಕ್ಯಾಮ್ 1992’ ಹತ್ತು ಕಂತಿನದು. ಹನ್ಸಲ್ ಮೆಹ್ತಾ ಅದನ್ನು ಐದೇ ಕಂತಿಗೆ ಇಳಿಸಿದ್ದರೆ, ಬ್ಯಾಂಕುಗಳ ನಡುವೆ ರಸೀದಿಗಳ ಮೇಲೆ ಹಣ ಹೇಗೆ ಹರಿದಾಡಿತು, ಆ ಹಣ ಷೇರುಪೇಟೆಗೆ ಹೇಗೆ ಸೇರಿತು ಎಂಬುದು ಸಾಮಾನ್ಯ ವೀಕ್ಷಕನಿಗೆ ಅರ್ಥವಾಗುತ್ತಿರಲಿಲ್ಲ. ಅಲ್ಲಿ ವಿಷಯವೇ ಅಷ್ಟು ದೊಡ್ಡದು. ಕನ್ನಡದ ಪ್ರೇಕ್ಷಕರಿಗಂತೂ ಉದ್ದ ಎಂದರೆ ಹೆದರಿಕೆಯಿಲ್ಲ. ಟಿ.ಎನ್. ಸೀತಾರಾಂ ತಂಡದ ‘ಮಾಯಾಮೃಗ’ವನ್ನು ಮನೆಮಂದಿಯೆಲ್ಲ ಕೂತು ದಿನವೂ ನೋಡಿದ ನಾಡು ಇದು. ಕರಾವಳಿ, ಮಲೆನಾಡಿನಲ್ಲಿ ಬೆಳಗಿನವರೆಗೆ ಯಕ್ಷಗಾನ ನೋಡಿದ ತಲೆಮಾರುಗಳಿವೆ. ಆದರೆ ಆ ಇಡೀ ರಾತ್ರಿಯ ಆಟದಲ್ಲಿ ಉದ್ದಕ್ಕೆ ಅದರದೇ ಕ್ರಮವಿತ್ತು. ಪೂರ್ವರಂಗಕ್ಕೆ, ಒಡ್ಡೋಲಗಕ್ಕೆ, ಅರ್ಥಗಾರಿಕೆಗೆ, ಬೆಳಗಿನ ಜಾವದ ಯುದ್ಧಕ್ಕೆ ಇಂಥಿಂಥ ಹೊತ್ತು ಎಂಬುದಿತ್ತು. ಕಾಲಮಿತಿ ಪ್ರಯೋಗ ಬಂದಾಗ ಕಲಾವಿದರೂ ಭಾಗವತರೂ ಪ್ರಸಂಗವನ್ನು ಮತ್ತೆ ಕಟ್ಟಬೇಕಾಯಿತು. ಯಾವ ಪದ್ಯ ಇರಬೇಕು, ಯಾವುದು ಹೋದರೆ ನಡೆಯುತ್ತದೆ ಎಂದು ಯೋಚಿಸಬೇಕಾಯಿತು. ಅಂದರೆ ಎರಡೂ ಕಡೆ ಉದ್ದವನ್ನು ನಿರ್ಧರಿಸಿದ್ದು ಕಲೆಯ ಒಳಗಿನವರು, ಆಟದ ಅಗತ್ಯ ನೋಡಿ. ನನ್ನ ತಕರಾರು ಉದ್ದದ ಮೇಲಲ್ಲ. ಇಷ್ಟು ಕಂತು ಬೇಕು ಎಂದು ಮೊದಲೇ ನಿಗದಿಯಾಗಿ, ಅದನ್ನು ತುಂಬಲು ಆಮೇಲೆ ಕಥೆ ಹುಡುಕುವುದರ ಮೇಲೆ.

ಜನ ನೋಡುತ್ತಿದ್ದಾರಲ್ಲ, ಅವರಿಗಿಲ್ಲದ ಚಿಂತೆ ವಿಮರ್ಶಕನಿಗೇಕೆ ಎಂದು ಇನ್ನೊಂದು ಪ್ರಶ್ನೆ ಬರುತ್ತದೆ. ನೋಡುತ್ತಿರುವುದು ನಿಜ, ಹೇಗೆ ನೋಡುತ್ತಿದ್ದಾರೆ ಎಂಬುದನ್ನೂ ಗಮನಿಸಬೇಕು. ಕೈಯಲ್ಲಿ ಇನ್ನೊಂದು ಮೊಬೈಲ್ ಹಿಡಿದು, ಒಂದು ಕಣ್ಣು ಅದರ ಮೇಲೆ ಇಟ್ಟು ನೋಡುವವರಿದ್ದಾರೆ. ಹತ್ತು ಸೆಕೆಂಡಿನ ಗುಂಡಿಯನ್ನು ಒತ್ತುತ್ತ ಹಾರಿ ಹಾರಿ ನೋಡುವವರಿದ್ದಾರೆ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸುವ ಸೌಲಭ್ಯವನ್ನು ಆ್ಯಪ್‌ಗಳೇ ಕೊಟ್ಟಿವೆ, ಬಳಸುವವರೂ ಕಡಿಮೆಯಿಲ್ಲ. ನಟನೊಬ್ಬ ಕಷ್ಟಪಟ್ಟು ಹಿಡಿದ ಮೌನವನ್ನು ವೇಗ ಹೆಚ್ಚಿಸಿ ನೋಡುವುದು ಅನ್ಯಾಯ ಎಂದು ಸಿನಿಮಾದವರು ಬೇಸರಪಡುತ್ತಾರೆ, ಆ ಬೇಸರ ಸರಿಯೇ. ಆದರೆ ವೀಕ್ಷಕನಿಗೆ ಆ ಅಭ್ಯಾಸ ಕಲಿಸಿದ್ದು ಎಳೆದ ಸರಣಿಗಳು. ಹತ್ತರಲ್ಲಿ ನಾಲ್ಕು ಕಂತು ಸುಮ್ಮನೆ ತುಂಬಿದ್ದು ಎಂದು ಗೊತ್ತಾದವನು ಐದನೆಯದನ್ನೂ ಅದೇ ಸಂಶಯದಿಂದ ನೋಡುತ್ತಾನೆ, ಆಗ ನಿಜವಾಗಿ ನಿಂತು ನೋಡಬೇಕಾದ ದೃಶ್ಯವೂ ಅವನ ಬೆರಳಿನ ಕೆಳಗೆ ಹಾರಿಹೋಗುತ್ತದೆ. ಚಂದಾ ಕೊಟ್ಟ ಮೇಲೆ ಹೆಚ್ಚು ಗಂಟೆ ಸಿಕ್ಕಷ್ಟೂ ಲಾಭ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಚಂದಾದ ಹಣ ಮುಂದಿನ ತಿಂಗಳೂ ದುಡಿಯಬಹುದು, ಸಂಜೆಯ ಆ ಎರಡು ಗಂಟೆಯನ್ನು ದುಡಿಯಲಾಗುವುದಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ಈ ಮಾತಿಗೆ ಇನ್ನಷ್ಟು ಅರ್ಥವಿದೆ. ದೊಡ್ಡ ಒಟಿಟಿಗಳು ಹಿಂದಿ, ತೆಲುಗು, ತಮಿಳು, ಮಲಯಾಳಂಗೆ ಕೊಟ್ಟಷ್ಟು ಜಾಗವನ್ನು ಕನ್ನಡದ ಮೂಲ ಸರಣಿಗಳಿಗೆ ಕೊಟ್ಟಿಲ್ಲ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ಜೊತೆಗೂಡಿದ್ದ ‘ಏಕಂ’, ಏಳು ಬಿಡಿ ಕಥೆಗಳ ಸರಣಿ. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿಯಂಥವರು ನಟಿಸಿದ್ದರೂ ಯಾವ ವೇದಿಕೆಯೂ ತೆಗೆದುಕೊಳ್ಳದೆ, ಕೊನೆಗೆ 2024ರ ಜುಲೈನಲ್ಲಿ ತನ್ನದೇ ಜಾಲತಾಣದಲ್ಲಿ ಬಿಡುಗಡೆಯಾಯಿತು. ಕರಾವಳಿಯ ಬದುಕಿನ ಬೇರೆ ಬೇರೆ ಮುಖಗಳನ್ನು ಒಂದೊಂದೇ ಕಂತಿನಲ್ಲಿ ಹಿಡಿದು, ಮುಂದಿನದಕ್ಕೆ ಕೊಕ್ಕೆ ಹಾಕದೆ ಬಿಡುವ ಧೈರ್ಯ ಅದಕ್ಕಿತ್ತು. ಅದೇ ಬಳಗದ ಸುಮಂತ್ ಭಟ್ ನಿರ್ದೇಶಿಸಿದ ‘ಮಿಥ್ಯ’ 2025ರ ಮಾರ್ಚ್‌ನಲ್ಲಿ ಚಿತ್ರಮಂದಿರಕ್ಕೆ ಬಂದು ನಂತರ ಒಟಿಟಿಗೂ ಬಂತು. ‘ಅಡಾಲಸೆನ್ಸ್’ ಬಂದದ್ದೂ ಅದೇ ತಿಂಗಳು. ಎರಡರ ಕೇಂದ್ರದಲ್ಲೂ ಒಬ್ಬ ಹುಡುಗ, ಅವನೊಳಗಿನ ಹೇಳಲಾಗದ ಸಿಟ್ಟು, ಅದನ್ನು ಅರ್ಥ ಮಾಡಿಕೊಳ್ಳಲು ಹೆಣಗುವ ದೊಡ್ಡವರು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದರ ಮಿಥುನ್‌ನನ್ನು ಮುಂಬೈಯಿಂದ ಉಡುಪಿಯ ಕಡೆಗೆ ಚಿಕ್ಕಮ್ಮ, ಚಿಕ್ಕಪ್ಪ ಕರೆತರುತ್ತಾರೆ. ಆ ಸಾವುಗಳ ಸುತ್ತಲಿನ ಸಂಗತಿಯನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ. ದೊಡ್ಡವರ ಪಿಸುಮಾತಿನಲ್ಲಿ, ಹುಡುಗನ ಮುಖದ ಬಿಗಿತದಲ್ಲಿ ನಾವೇ ಜೋಡಿಸಿಕೊಳ್ಳಬೇಕು. ಆತಿಶ್ ಶೆಟ್ಟಿ ಎಂಬ ಬಾಲನಟ ಮಾತಿಲ್ಲದೆ ಮಾಡಿದ ಕೆಲಸವನ್ನು ಎಂಟು ಕಂತಿಗೆ ಹಿಗ್ಗಿಸಿದ್ದರೆ ಆ ಮೌನಕ್ಕೆಲ್ಲ ವಿವರಣೆ ಬರೆಯಬೇಕಾಗುತ್ತಿತ್ತು. ಚಿತ್ರ ಎರಡು ಗಂಟೆಗೂ ಮೊದಲೇ ಮುಗಿಯುತ್ತದೆ, ಹುಡುಗನ ಬಗ್ಗೆ ಎಲ್ಲವನ್ನೂ ತಿಳಿದೆವು ಎಂಬ ಸುಳ್ಳು ಸಮಾಧಾನವನ್ನು ಕೊಡದೆ.

2024ರ ‘ಶಾಖಾಹಾರಿ’ಯನ್ನೂ ಇಲ್ಲಿ ನೆನೆಯಬೇಕು. ಮಲೆನಾಡಿನ ಒಂದು ಹೋಟೆಲು, ಅದರ ಅಡುಗೆ ಭಟ್ಟ ಸುಬ್ಬಣ್ಣನಾಗಿ ರಂಗಾಯಣ ರಘು. ಕೊಲೆಯ ಕಥೆಯಾದರೂ ಆ ಮನುಷ್ಯನನ್ನು ಬಿಟ್ಟು ಕ್ಯಾಮೆರಾ ದೂರ ಹೋಗುವುದಿಲ್ಲ. 2025ರಲ್ಲಿ ಚಿತ್ರಮಂದಿರಗಳನ್ನು ತುಂಬಿಸಿ ಆಮೇಲೆ ಜಿಯೊಹಾಟ್‌ಸ್ಟಾರ್‌ಗೆ ಬಂದ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ ಕೂಡ ಒಂದು ಊರು, ಒಂದು ಭೂತದ ಸುದ್ದಿ, ಅದರಿಂದ ಹುಟ್ಟುವ ಗೊಂದಲ ಎಂಬಷ್ಟಕ್ಕೇ ತನ್ನನ್ನು ಕಟ್ಟಿಕೊಂಡಿದ್ದರಿಂದ ಗೆದ್ದಿತು. ಅದರ ದ್ವಿತೀಯಾರ್ಧ ಸ್ವಲ್ಪ ಲ್ಯಾಗ್ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೂ ಭೂತವೆಂದು ಸುದ್ದಿಯಾದ ಸೋಮೇಶ್ವರದ ಸುಲೋಚನಾ ಯಾರು ಎಂಬ ಪ್ರಶ್ನೆಗೆ ಚಿತ್ರ ಕೊಡುವ ಉತ್ತರದಲ್ಲಿ ಒಬ್ಬ ಹೆಂಗಸಿನ ನಿಜವಾದ ಸಂಕಟವಿದೆ, ನಗುವಿನ ನಡುವೆ ಅದನ್ನು ಕಳೆದುಕೊಂಡಿಲ್ಲ. ದೊಡ್ಡ ಬಂಡವಾಳ, ಹತ್ತು ಕಂತಿನ ಒಪ್ಪಂದ ಸಿಗದೇ ಹೋದದ್ದು ಕನ್ನಡದ ಹೊಸ ನಿರ್ದೇಶಕರಿಗೆ ನಷ್ಟವೇ, ಅದನ್ನು ವರ ಎಂದು ಹೊಗಳುವುದು ಕ್ರೌರ್ಯವಾಗುತ್ತದೆ. ಅವರಿಗೆ ಹಣ ಬೇಕು, ವೇದಿಕೆ ಬೇಕು. ನಾನು ಕೇಳುವುದು, ನಾಳೆ ಆ ಒಪ್ಪಂದ ಸಿಕ್ಕಾಗ ಈಗಿನ ಬಿಗಿಯನ್ನು ಬಿಟ್ಟುಕೊಡಬೇಡಿ ಎಂದು.

ನೋಡುವವರಿಗೂ ಒಂದು ಮಾತು. ಶುರು ಮಾಡಿದ್ದನ್ನು ಮುಗಿಸಲೇಬೇಕೆಂಬ ಕಟ್ಟುಪಾಡು ಯಾರೂ ಹಾಕಿಲ್ಲ; ಎರಡು ಕಂತಿಗೆ ಬೇಸರ ಬಂದರೆ ಧೈರ್ಯವಾಗಿ ಬಿಟ್ಟುಬಿಡಿ, ಬಿಟ್ಟೆ ಎಂದು ನಾಲ್ಕು ಜನರಿಗೆ ಹೇಳಿ, ಎಲ್ಲಿ ಬಿಟ್ಟಿರಿ ಎಂಬುದನ್ನೂ ಹೇಳಿ. ಹಾಗೆ ಉಳಿದ ಒಂದು ಸಂಜೆಗೆ ‘ಮಿಥ್ಯ’ ಹಾಕಿ. ಹಾರಿಸದೆ, ವೇಗ ಹೆಚ್ಚಿಸದೆ, ಮನೆಯಲ್ಲಿ ಆ ವಯಸ್ಸಿನ ಮಗುವಿದ್ದರೆ ಅದರ ಅಪ್ಪ ಅಮ್ಮ ಇಬ್ಬರೂ ಕೂತು ನೋಡಿ.